ಭಾನುವಿನ ಟ್ರಾಲಿಯ ಲೆಕ್ಕ

ಸಿಇಟಿಯಲ್ಲಿ ರ‍್ಯಾಂಕ್ ಬಂದವನು ನಾನು. ಇಪ್ಪತ್ತೇಳು ವರ್ಷವಾದರೂ ಆ ಜಂಬ ಇಳಿದಿಲ್ಲ. ಮೈಸೂರಿನ ಟ್ಯೂಷನ್ನಿನಲ್ಲಿ ನಮ್ಮನ್ನು ಪಳಗಿಸಿದ್ದೇ ಹಾಗೆ. ಪ್ರಶ್ನೆಯಲ್ಲಿ ಒಂದು ಪದ ಕಂಡರೆ ಸಾಕು, ಉತ್ತರ ನೆನಪಾಗಬೇಕು. ‘ಸ್ಥಿರ ವೇಗ’ ಅಂದರೆ ಒಟ್ಟು ಕೆಲಸ ಸೊನ್ನೆ. ಗುರುತು ಹಾಕು, ಮುಂದಕ್ಕೆ ಹೋಗು. ಆ ಚಾಳಿಯೇ ಹೋದ ತಿಂಗಳು ನನ್ನಿಂದ ಆಡಬಾರದ ಮಾತನ್ನು ಆಡಿಸಿತು.

ನನ್ನ ಹೆಂಡತಿ ಭಾನುಮತಿ, ಪರದೇಶದಲ್ಲಿ ನಾವೀಗ ನೆಲೆಸಿರುವ ಹ್ಯಾಮಿಲ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಬಟ್ಟೆಯ ಟ್ರಾಲಿ ತಳ್ಳುತ್ತಾಳೆ. ಒಗೆದದ್ದು ಆ ಕಡೆಗೆ, ಕೊಳೆಯಾದದ್ದು ಈ ಕಡೆಗೆ. ಎರಡು ತಿಂಗಳಿಂದ ಅವಳ ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ. ಮೇಲಿನ ಶೆಲ್ಫಿನಲ್ಲಿದ್ದ ಕಾಫಿ ಫಿಲ್ಟರು ಸಿಂಕಿನ ಪಕ್ಕಕ್ಕೆ ಇಳಿದಿತ್ತು. ಯಾಕೆ ಇಳಿಯಿತೆಂದು ನಾನು ಕೇಳಿರಲಿಲ್ಲ. ಟ್ರಾಲಿ ಬದಲಾಯಿಸಿ ಎಂದು ಅವಳು ಬೇಡಿದರೆ ಮ್ಯಾನೇಜರಮ್ಮ, ಚಕ್ರವಿದೆಯಲ್ಲ, ತಾನೇ ಉರುಳುತ್ತದೆ ಎಂದಿದ್ದರು. ಶುಕ್ರವಾರ ಮತ್ತೆ ಮೀಟಿಂಗ್. ಅಲ್ಲೂ ಇಲ್ಲವೆಂದರೆ ಕೆಲಸ ಬಿಡುವುದೊಂದೇ ದಾರಿ. ಅವಳಿಗೆ ಆ ಮುದುಕ ಮುದುಕಿಯರನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ.

ಭಾನುವಾರ ಊಟಕ್ಕೆ ಕೂತಾಗ ಕೇಳಿದಳು. “ರೀ, ಆ ಟ್ರಾಲಿ ತಳ್ಳೋದು ಎಷ್ಟು ಕಷ್ಟ ಅಂತ ಒಂದು ಲೆಟರ್ ಬರ್ಕೊಡಿ. ನೀವು ಇಂಜಿನಿಯರ್ ಅಲ್ವಾ?”

“ಒಂದೇ ಸ್ಪೀಡಲ್ಲಿ ತಾನೇ ತಳ್ಳೋದು? ಹಾಗಾದ್ರೆ ಫಿಸಿಕ್ಸ್ ಪ್ರಕಾರ ನೀನು ಮಾಡೋ ಕೆಲ್ಸ ಝೀರೋ ಕಣೇ!”

ನಗುತ್ತಾಳೆ ಅಂದುಕೊಂಡೆ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗಳು ನಿಧಿ ಇಲ್ಲೇ ಹುಟ್ಟಿದವಳು, ಹದಿನಾರು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. “ಅಪ್ಪಾ, ದಟ್ಸ್ ರಾಂಗ್” ಎಂದವಳೇ ಕಾಗದದ ಮೇಲೆ ಒಂದು ಡಬ್ಬಿ ಬರೆದಳು. ಮುಂದಕ್ಕೊಂದು ಬಾಣ, ಅದು ಅಮ್ಮನದು. ಹಿಂದಕ್ಕೊಂದು, ಅದು ಘರ್ಷಣೆಯದು. ಎರಡೂ ಸಮವಾದ್ದರಿಂದಲೇ ವೇಗ ಬದಲಾಗುವುದಿಲ್ಲ, ಕೂಡಿದರೆ ಸೊನ್ನೆ. ಆದರೆ ಅಮ್ಮನ ಬಾಣ ಸೊನ್ನೆಯಲ್ಲ. ಅವಳು ಹಾಕಿದ ಶ್ರಮವನ್ನೆಲ್ಲ ಘರ್ಷಣೆ ನುಂಗಿತು, ಅಷ್ಟೇ. ನಾನು ಕಲಿತದ್ದು ಪುಸ್ತಕದ ಬದನೆಕಾಯಿ ಎಂದು ಆ ಹುಡುಗಿ ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯ. “ಮೆಷರ್ ಇಟ್” ಎಂದಷ್ಟೇ ಹೇಳಿದಳು.

ಅಳೆಯುವುದಕ್ಕೆ ನಮ್ಮಂಥವರ ಮನೆಯಲ್ಲಿ ಒಂದು ಸಾಧನ ಇದ್ದೇ ಇರುತ್ತದೆ. ಊರಿಗೆ ಹೊರಡುವ ಮುನ್ನ ಸೂಟ್‌ಕೇಸು ಇಪ್ಪತ್ತಮೂರು ಕಿಲೋ ದಾಟಿತೇ ಎಂದು ನೋಡುವ ಕೊಕ್ಕೆಯ ತಕ್ಕಡಿ. ಬುಧವಾರ ಮಧ್ಯಾಹ್ನ ನಿಧಿಯ ಜೊತೆ ವೃದ್ಧಾಶ್ರಮಕ್ಕೆ ಹೋಗಿ, ಅಪ್ಪಣೆ ಪಡೆದು, ತುಂಬಿದ ಟ್ರಾಲಿಗೆ ಅದನ್ನು ಸಿಕ್ಕಿಸಿ ನಾನೇ ಎಳೆದೆ. ಮೊದಲ ಜಗ್ಗಿಗೆ ಅಂಕಿ ಇಪ್ಪತ್ತಕ್ಕೆ ಹಾರಿತು.

“ಸ್ಟೆಡಿ, ಅಪ್ಪಾ” ಎಂದಳು ನಿಧಿ. ಅದು ಹೊರಡಿಸುವ ಬಲ, ಬೇಕಾದ್ದು ಅದಲ್ಲ. ಒಂದೇ ನಡಿಗೆಯಲ್ಲಿ ಎಳೆದೆ. ದಪ್ಪ ಕಾರ್ಪೆಟ್ಟು, ನೂಲು ಸುತ್ತಿಕೊಂಡ ಹಳೇ ಚಕ್ರಗಳು. ಅಂಕಿ ಹನ್ನೆರಡರಲ್ಲಿ ನಿಂತಿತು. ಅರವತ್ತು ಮೀಟರಿನ ಕಾರಿಡಾರು ಮುಗಿಯುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

“ದಿನಕ್ಕೆ ಎಷ್ಟು ಸಲ?” ಎಂದು ಕೇಳಿದೆ.

“ಐವತ್ತು” ಎಂದಳು ಭಾನು, ಗೋಡೆಗೆ ಒರಗಿ ನಿಂತು.

ಕಾರಿನಲ್ಲಿ ಕೂತು ಲೆಕ್ಕ ಹಾಕಿದೆ. ಹನ್ನೆರಡು ಕಿಲೋ ಎಂದರೆ ಹೆಚ್ಚುಕಡಿಮೆ ನೂರಿಪ್ಪತ್ತು ನ್ಯೂಟನ್. ದೂರ ಮೂರು ಸಾವಿರ ಮೀಟರ್. ಗುಣಿಸಿದರೆ ಮೂರು ಲಕ್ಷದ ಅರವತ್ತು ಸಾವಿರ ಜೂಲ್. ಬರಿಯ ಅಂಕಿಯಿಂದ ನನಗೆ ಏನೂ ಹೊಳೆಯಲಿಲ್ಲ. ನನ್ನ ತೂಕ ಅರವತ್ತು ಕಿಲೋ, ಅಂದರೆ ಆರುನೂರು ನ್ಯೂಟನ್; ಇಷ್ಟು ಕೆಲಸಕ್ಕೆ ನನ್ನನ್ನು ಎಷ್ಟು ಎತ್ತರಕ್ಕೆ ಎತ್ತಬಹುದು ಎಂದು ಭಾಗಿಸಿದೆ. ಆರುನೂರು ಮೀಟರ್! ಮೈಸೂರಿನ ನೆಲದಿಂದ ಚಾಮುಂಡಿ ಬೆಟ್ಟದ ತುದಿಗೆ ಸುಮಾರು ಮುನ್ನೂರು. ತಪ್ಪಿರಬೇಕೆಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಇಬ್ಬರೂ ಮೆಟ್ಟಿಲು ಹತ್ತಿದ್ದೆವು. ನಂದಿಯ ಹತ್ತಿರ ಏದುಸಿರು ಬಿಡುತ್ತ ಕೂತವನು ನಾನು. ಆ ಬೆಟ್ಟದ ತುದಿಗೆ ಈ ಹೆಂಗಸು ದಿನಕ್ಕೆರಡು ಸಲ ನನ್ನನ್ನು ಎತ್ತಿ ಮುಟ್ಟಿಸುವಷ್ಟು ಕೆಲಸ ಮಾಡಿ, ಸಂಜೆ ಬಂದು ನನಗೆ ಚಪಾತಿ ಲಟ್ಟಿಸುತ್ತಿದ್ದಳು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಬೆರಗಾಯಿತು. ಪಕ್ಕದ ಸೀಟಿನಲ್ಲಿ ಕೂತ ಭಾನುವನ್ನು ಹೊಸಬಳೆಂಬಂತೆ ನೋಡಿದೆ.

ಲೆಕ್ಕ ಹೇಳಿದೆ. “ಹತ್ತಿಸೋದು ಸರಿ” ಎಂದಳು. “ನಿಮ್ಮನ್ನ ಕೆಳಗಿಳಿಸೋರು ಯಾರು?”

ಶುಕ್ರವಾರ ಅವಳು ನಾನು ಈ ಲೆಕ್ಕ ಬರೆದುಕೊಟ್ಟ ಕಾಗದದ ಜೊತೆ ತಕ್ಕಡಿಯನ್ನೂ ಒಯ್ದಳು. ಮ್ಯಾನೇಜರಮ್ಮ ನಂಬದೆ ತಾವೇ ಎಳೆದರಂತೆ. ಅರ್ಧ ಕಾರಿಡಾರಿಗೆ ಕೈ ಬದಲಿಸಿದರಂತೆ. ಇನ್ನರ್ಧ ಎಳೆಯಲಿಲ್ಲ, ಆಫೀಸಿಗೆ ಹೋಗಿ ದೊಡ್ಡ ಚಕ್ರದ ಹೊಸ ಟ್ರಾಲಿಗೆ ಆರ್ಡರ್ ಬರೆದರು.

ಹೊಸ ಟ್ರಾಲಿ ತಕ್ಕಡಿಯಲ್ಲಿ ಮೂರು ತೋರಿಸುತ್ತದೆ. ಮೊನ್ನೆ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಭಾನು ಕಾಫಿಗೆ ನೀರಿಟ್ಟಿದ್ದಳು. ಸಿಂಕಿನ ಪಕ್ಕದಲ್ಲಿ ಫಿಲ್ಟರು ಇರಲಿಲ್ಲ, ಮತ್ತೆ ತನ್ನ ಹಳೇ ಜಾಗಕ್ಕೆ ಏರಿತ್ತು. ಅವಳು ಬಲಗೈ ಎತ್ತಿ, ಹಲ್ಲು ಕಚ್ಚಿ, ನಿಧಾನವಾಗಿ ಒಂದೇ ಗತಿಯಲ್ಲಿ ಅದನ್ನು ಮೇಲಿನ ಶೆಲ್ಫಿನಿಂದ ಇಳಿಸುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಬಾಗಿಲಲ್ಲೇ ನಿಂತೆ.