ಮೇಸ್ತ್ರಿ ಬಿಟ್ಟ ಒಂದು ಸಾಲು

‘ನಲವತ್ತು ಸೆಕೆಂಡು ಕಾಯಿ.’ ನಕ್ಷೆಗಾರ ಆ ಸಾಲನ್ನು ನಾಲ್ಕನೇ ಸಲ ಓದಿದ. ಬರೆದವನು ತಾನೇ. ಯಾಕೆ ಬರೆದೆನೆಂಬುದು ಮಾತ್ರ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಹನ್ನೊಂದು ವರ್ಷಗಳಲ್ಲಿ ಅವನ ಕಂಪ್ಯೂಟರಿನಲ್ಲಿ ದಿನದ ಕೆಲಸಗಳನ್ನು ತಾವಾಗಿಯೇ ಮಾಡುವ ಮೂವತ್ತೊಂದು ಪುಟ್ಟ ಸ್ಕ್ರಿಪ್ಟುಗಳು ಸೇರಿಕೊಂಡಿದ್ದವು. ಜಮೀನು ಅಳತೆಯ ಕಡತಗಳಿಗೆ ಹೆಸರಿಡಲು ಒಂದು, ನಕಲು ತೆಗೆದಿಡಲು ಇನ್ನೊಂದು. ಅವನ್ನೆಲ್ಲ ಮನೆಗೆ ಕಳಿಸಿ, ಎಲ್ಲದರ ಚಾಕರಿಯನ್ನೂ ಮಾಡುವ ಒಂದೇ ಕಮಾಂಡನ್ನು ವಾರವಿಡೀ ಕೂತು ಬರೆದು ‘ಮೇಸ್ತ್ರಿ’ ಎಂದು ಹೆಸರಿಟ್ಟಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಇವನಿಗೆ ಮೇಸ್ತ್ರಿ.

ಮೇಸ್ತ್ರಿಗೆ ಸೇರಿಸಲು ಉಳಿದದ್ದು ಕೊನೆಯದೊಂದು ಸ್ಕ್ರಿಪ್ಟು. ದಿನಾ ನಾಲ್ಕಕ್ಕೆ ಅಮ್ಮನ ಕೋಣೆಯಲ್ಲಿ ಗಂಟೆ ಬಾರಿಸಿ, ನಲವತ್ತು ಸೆಕೆಂಡು ಕಾದು, ಆಮೇಲೆ ಹಜಾರದ ಪರದೆಯಿಂದ ಅಕ್ಕನಿಗೆ ವಿಡಿಯೊ ಕರೆ ಮಾಡುವುದು ಅದರ ಕೆಲಸ. ದೂರದ ಊರಿನ ಬಟ್ಟೆ ಗಿರಣಿಯಲ್ಲಿದ್ದ ಅಕ್ಕನಿಗೆ ಆಗ ಸಿಗುತ್ತಿದ್ದ ಬಿಡುವು ಹತ್ತೇ ನಿಮಿಷ. ಅಷ್ಟರಲ್ಲೂ ಸುಮ್ಮನೆ ಕಾಯುವುದೇಕೆ? ಇಂಟರ್ನೆಟ್ ಆಮೆಯಂತಿದ್ದ ಕಾಲದ ಸಾಲಿರಬೇಕು ಎಂದುಕೊಂಡು ಮೇಸ್ತ್ರಿಯಲ್ಲಿ ಅದನ್ನು ಕೈಬಿಟ್ಟ.

ಆ ಹೊತ್ತಿಗೆ ಅಳತೆಗೆಂದು ಹೊರಗಿರುತ್ತಿದ್ದವನು ಅಂದು ಮನೆಯಲ್ಲೇ ಇದ್ದ. ನಾಲ್ಕು ಹೊಡೆಯಿತು. ಗಂಟೆ ಮೊಳಗಿದ ಕ್ಷಣವೇ ಪರದೆಯಲ್ಲಿ ಅಕ್ಕ ಪ್ರತ್ಯಕ್ಷ.

“ಅಕ್ಕಾ! ನೋಡಿದ್ಯಾ, ಎಷ್ಟು ಬೇಗ!” ಎಂದು ಗಟ್ಟಿಯಾಗಿ ಕೂಗಿದ.

“ಮೆಲ್ಲಗೆ ಮಾತಾಡೋ! ಆ ನಲವತ್ತು ಸೆಕೆಂಡು ತೆಗೆದ್ಬಿಟ್ಯಾ?”

“ನಿಂಗ್ಹೇಗೆ ಗೊತ್ತು?”

“ನಾನೇ ಹೇಳಿ ಹಾಕಿಸಿದ್ದಲ್ವೇನೋ! ಕರೆ ತಪ್ಪಿಹೋಗುತ್ತೆ ಅಂತ ಅಮ್ಮ ಓಡಿಬಂದು ಬಿದ್ದು ಸೊಂಟ ಮುರ್ಕೊಂಡ್ಳಲ್ಲ, ಆಗ. ಅವಳಿಗೆ ಗೊತ್ತಾಗ್ಬಾರ್ದು ಅಂತ ಎಲ್ಲೂ ಬರೆದಿಡ್ಬೇಡ ಅಂದಿದ್ದೂ ನಾನೇ.”

ಅವನು ತಿರುಗಿ ನೋಡಿದ. ಕೋಣೆಯ ಬಾಗಿಲಲ್ಲಿ ಅಮ್ಮ ಆಗಲೇ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಗೋಡೆ ಹಿಡಿದು ದಡಬಡ ಬರುತ್ತಿದ್ದಳು.

“ಬಂದೆ, ಬಂದೆ! ಫೋನ್ ಇಟ್ಬಿಡ್ಬೇಡ ಕಣೇ!”

“ನಿಧಾನ, ಅಮ್ಮಾ!” ಎಂದು ಎದ್ದವನನ್ನು ಅಮ್ಮ ಕೋಲೆತ್ತಿ ತಡೆದಳು. “ನಂಗೇನು ಕಾಲಿಲ್ವಾ?”

ಅವನು ಗೋಡೆ ಗಡಿಯಾರ ನೋಡಿದ. ನಲವತ್ತು ಸೆಕೆಂಡು ಆಗಲೇ ಕಳೆದಿತ್ತು. ಅಮ್ಮ ಇನ್ನೂ ಊಟದ ಮೇಜನ್ನು ದಾಟಿರಲಿಲ್ಲ.

“ಹಾಗಿದ್ರೆ ಇಷ್ಟು ದಿನ...?” ಎಂದ ಪರದೆಯ ಕಡೆ ಬಾಗಿ, ಪಿಸುದನಿಯಲ್ಲಿ.

“ವರ್ಷದಿಂದ ನಲವತ್ತೂ ಸಾಲ್ತಿಲ್ಲ ಕಣೋ. ನನ್ನ ದನಿ ಕೇಳಿದ್ರೆ ಓಡಿಬರ್ತಾಳೆ ಅಂತ, ಅವಳು ಬಂದು ಕೂರೋವರೆಗೂ ಪಿಟ್ ಅನ್ನದೆ ಖಾಲಿ ಕುರ್ಚಿ ನೋಡ್ತಾ ಇರ್ತೀನಿ.”

ಅಮ್ಮ ಏದುಸಿರು ಬಿಡುತ್ತ ಕೂತಳು, ಸೆರಗು ಸರಿಪಡಿಸಿಕೊಂಡಳು. “ಬಂದು ಬಹಳ ಹೊತ್ತಾಯ್ತೇನೇ?”

“ಇಲ್ಲಮ್ಮ, ಈಗಷ್ಟೇ,” ಎಂದಳು ಅಕ್ಕ.

ಕರೆ ಮುಗಿದ ಮೇಲೆ ಅವನು ಮೇಸ್ತ್ರಿಯನ್ನು ತೆರೆದು ‘ಕಾಯಿ’ ಎಂದು ಬರೆದ. ಅಂಕಿಯ ಜಾಗವನ್ನು ಖಾಲಿ ಬಿಟ್ಟ. ಹಜಾರದಲ್ಲಿ ಅಮ್ಮನ ಕೋಲಿನ ಸದ್ದು ಕೋಣೆಯ ಕಡೆ ಹೊರಟಿತ್ತು. ಅವನು ತಿರುಗಿ ನೋಡದೆ ಸೆಕೆಂಡು ಎಣಿಸುತ್ತ ಕೂತ. ಎಂಬತ್ತಾರು, ಎಂಬತ್ತೇಳು. ಸದ್ದು ನಡುವೆ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು.