ಕಂಡಕ್ಟರನಿಗೆ ಗೌಜುಗದ ಪಾಠ

ಅಳಿಯ ಅಲ್ಲಾವುದ್ದೀನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಬೇಟೆಗೆ ಬಂದು ನಿಂತಾಗಲೇ ಇಸಾಕಸಾಬನ ಅರ್ಧ ಜೀವ ಹೋಗಿತ್ತು.

"ನಿಕಾಕ್ಕ ಹೊಂಟೀರೇನು ಅಳಿಯಸಾಹೇಬ್ರ?"

"ಇರ್ಲಿ ಬಿಡ್ರಿ ಮಾಮೂ. ಹೊಲದಾಗ ಯಾರು ನೋಡ್ತಾರ?"

"ಗೌಜುಗ ನೋಡ್ತೈತಿ. ನೋಡಿ, ವರ ಒಪ್ಪಿಗಿಲ್ಲ ಅಂತ ಹಾರಿ ಹೋಗ್ತೈತಿ."

ಕದರಮಂಡಲಗಿಯ ಸುತ್ತಿನ ಹೊಲಗಳಲ್ಲಿ ಗೌಜುಗ ಹಿಡಿಯುವುದರಲ್ಲಿ ಇಸಾಕಸಾಬನದು ಎತ್ತಿದ ಕೈ. ಅದಕ್ಕೆ ಕಾರಣ ಅವನು ಮರಿಯಿಂದ ಸಾಕಿದ ಗಂಡು ಗೌಜುಗ, ದಫೇದಾರ. ಬೆಳಕು ಹರಿಯುವ ಮುಂಚೆ ಪಂಜರವನ್ನು ಬದುವಿನ ಪಕ್ಕ ಇಟ್ಟರೆ ದಫೇದಾರ ಎದೆಯುಬ್ಬಿಸಿ ಕೂಗುತ್ತಿತ್ತು. ತನ್ನ ಹೊಲಕ್ಕೆ ಇನ್ಯಾವನೋ ನುಗ್ಗಿದನೆಂದು ಆ ಹೊಲದ ಗಂಡು ಜಗಳಕ್ಕೆ ಬರುತ್ತಿತ್ತು, ಪಂಜರದ ಸುತ್ತ ಹೂಡಿದ ಕುದುರೆಗೂದಲಿನ ಉರುಲಿಗೆ ಕಾಲು ಕೊಡುತ್ತಿತ್ತು.

ಈಗ ಇಸಾಕಸಾಬನ ಎರಡೂ ಕಣ್ಣಿಗೆ ಪೊರೆ ಬಂದು, ಕೂದಲಿನ ಉರುಲು ಕಾಣದಂತಾಗಿತ್ತು. ಹೋದ ತಿಂಗಳು ಬದುವಿನಿಂದ ಉರುಳಿ ಬಿದ್ದ ಮೇಲೆ ಹೆಂಡತಿ ಸುಗರಾಬಿ ಹಟ ಹಿಡಿದಳು: ಮೆಣಸಿನಕಾಯಿ ಕಣಕ್ಕೆ ಬರುವುದರೊಳಗೆ ಅಳಿಯ ಈ ವಿದ್ಯೆ ಕಲಿಯಬೇಕು, ಇಲ್ಲದಿದ್ದರೆ ದಫೇದಾರ ಭರಮಣ್ಣನ ಪಾಲು. ಭರಮಣ್ಣ ವರ್ಷದಿಂದ ಹಕ್ಕಿ ಕೇಳುತ್ತಲೇ ಇದ್ದ. ಅವನು ಗೌಜುಗಗಳನ್ನು ಪಂದ್ಯಕ್ಕೆ ಬಿಟ್ಟು ಕಾದಾಡಿಸುವವನು. ಅವನ ಮನೆಯ ಹಕ್ಕಿಗಳಲ್ಲಿ ಒಂದಕ್ಕಾದರೂ ಎರಡೂ ಕಣ್ಣು ನೆಟ್ಟಗಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಇಸಾಕಸಾಬ ಎದ್ದು ಹೋಗಿ ಪಂಜರದ ಬಾಗಿಲು ತಡವಿ ನೋಡುತ್ತಿದ್ದ.

ಅಳಿಯನೋ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಎಂದು ದಿನವಿಡೀ ಕೂಗುವ ಬಸ್ ಕಂಡಕ್ಟರ್. ಬಾಯಿ ಮುಚ್ಚಿ ಕೂತರೆ ಸಂಬಳ ಬಾರದ ನೌಕರಿ.

ಅಂಗಿ ಬದಲಿಸಿಕೊಂಡು ಬಂದರೂ ಆ ದಿನ ಕೆಟ್ಟಿತು. ದಫೇದಾರ ಕೂಗಿತು. ಜಾಲಿಕಂಟಿಯಾಚೆಯಿಂದ ಉತ್ತರ ಬಂತು. ದಪ್ಪನೆಯ ಗಂಡೊಂದು ಕತ್ತು ನಿಮಿರಿಸಿಕೊಂಡು ಬಂದು ಉರುಲಿನ ಅಂಚಿಗೆ ನಿಂತುಬಿಟ್ಟಿತು. ಅಲ್ಲಾವುದ್ದೀನನಿಗೆ ತಡೆಯಲಾಗಲಿಲ್ಲ.

"ಮುಂದ ಬರ್ರಿ, ಮುಂದ ಬರ್ರಿ, ಮುಂದ ಜಾಗಾ ಖಾಲಿ ಐತಿ!"

ಹಕ್ಕಿ ಬುರ್ರೆಂದು ಹಾರಿತು.

ಆ ಮೇಲೆ ಇಸಾಕಸಾಬ ಅಳಿಯನನ್ನು ಬಿಟ್ಟಾನೆಯೇ? ಆಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ "ಮುಂದ ಬರ್ರಿ." ಮಗಳು ಜಾಹೀದಾ ರೊಟ್ಟಿ ಹಿಡಿದು ಬಂದರೆ "ಮುಂದ ಜಾಗಾ ಖಾಲಿ ಐತಿ." ಅಲ್ಲಾವುದ್ದೀನ ಕಿವಿ ಕೆಂಪು ಮಾಡಿಕೊಂಡು ಉಣ್ಣುತ್ತಿದ್ದ.

"ಅಬ್ಬಾ, ಸಾಕ್ ಬಿಡ್ರಿ. ಅವ್ರು ಕಲೀಬೇಕೋ ಬ್ಯಾಡೋ?" ಎಂದಳು ಜಾಹೀದಾ.

"ನಾ ಏನಂದೆ ಬೇಟಾ? ಆಡಿಗೆ ಹೇಳಿದೆ."

ಮೆಣಸಿನಕಾಯಿ ಕಣಕ್ಕೆ ಬರಲು ಇನ್ನೊಂದೇ ರಜೆಯ ದಿನ ಉಳಿಯಿತು. ಅಂದು ಅಲ್ಲಾವುದ್ದೀನ ಮಾಸಿದ ಕಂಬಳಿ ಹೊದ್ದು ಬಂದ. ಇಸಾಕಸಾಬ ಒಂದು ಇಡೀ ಅಡಿಕೆಯನ್ನು ಅವನ ಅಂಗೈಗಿಟ್ಟ.

"ದವಡಿಗೆ ಇಟ್ಕೊಳ್ರಿ. ಕಡದ್ರ ಸಪ್ಪಳ, ನುಂಗಿದ್ರ ಸಾವು. ಸುಮ್ನ ಇಟ್ಕೊಂಡು ಕೂಡ್ರಿ."

ಉರುಲುಗಳನ್ನು ಅಳಿಯನೇ ಹೂಡಿದ. ಇಸಾಕಸಾಬ ಬೆರಳಾಡಿಸಿ ನೋಡಿದ. ತಪ್ಪು ಸಿಗಲಿಲ್ಲ. ಅದೂ ಒಂದು ಬೇಸರವೇ.

ಕಂಟಿಯ ಮರೆಯಲ್ಲಿ ಇಬ್ಬರೂ ಕೂತರು. ದಫೇದಾರ ಕೂಗಿತು, ಉತ್ತರ ಬಂತು. ಅಳಿಯನ ಹೆಬ್ಬೆರಳು ಮಾವನ ಮಣಿಕಟ್ಟು ಒತ್ತಿತು: ಬಂತು. ಇಸಾಕಸಾಬನಿಗೆ ಕಾಣಲಿಲ್ಲ, ಕೇಳಿಸಿತು. ಒಣಗಿದ ಜೋಳದ ಸೋಗೆಯ ಮೇಲೆ ಸಣ್ಣ ಹೆಜ್ಜೆ. ಹತ್ತಿರ, ಇನ್ನೂ ಹತ್ತಿರ. ಹೆಜ್ಜೆ ನಿಂತಿತು. ಪಕ್ಕದಲ್ಲಿ ಅಳಿಯ ಕಲ್ಲಾಗಿ ಕೂತಿದ್ದ. ಹಕ್ಕಿ ಇನ್ನೊಂದೇ ಹೆಜ್ಜೆ ಮುಂದಿಟ್ಟರೆ ದಫೇದಾರ ಮನೆಯಲ್ಲಿ ಉಳಿದೀತು. ಇಸಾಕಸಾಬನ ಎದೆ ಬಾಯಿಗೆ ಬಂತು, ಎದೆಯ ಹಿಂದೆಯೇ ಮಾತೂ ಬಂತು.

"ಮುಂದ ಬರ್ರಿ, ಖಾಲಿ ಐತಿ..."

ಬುರ್ರ್!

ಅಲ್ಲಾವುದ್ದೀನ ದವಡೆಯಿಂದ ಅಡಿಕೆ ತೆಗೆದು, ಕಂಬಳಿಗೆ ಒರೆಸಿ, ಮಾವನ ಕೈಗಿಟ್ಟ.

"ನೀವ ಇಟ್ಕೊಳ್ರಿ ಮಾಮೂ."

ಇಸಾಕಸಾಬ ನಕ್ಕ. ಪೊರೆ ಬಂದ ಕಣ್ಣುಗಳಿಂದ ನೀರು ಬರುವವರೆಗೂ ನಕ್ಕ. ಆಮೇಲೆ ತಡವರಿಸಿ ಪಂಜರಕ್ಕೆ ಬಟ್ಟೆ ಮುಚ್ಚಿದ, ಅಳಿಯನ ಕಡೆ ಚಾಚಿದ.

"ಹಿಡೀಪಾ. ಹೊಯ್ದಾಡಿಸಬ್ಯಾಡ, ಅದಕ್ಕ ತಲಿ ತಿರಗತೈತಿ."

ಮಾವನ ಬಾಯಿಂದ ಸಾಹೇಬರೂ ಹೋಗಿದ್ದರು, ಬಹುವಚನವೂ ಹೋಗಿತ್ತು. ಅಲ್ಲಾವುದ್ದೀನ ಎರಡೂ ಕೈಯಿಂದ ಪಂಜರ ಹಿಡಿದು ಮುಂದೆ ನಡೆದ. ಇಸಾಕಸಾಬ ಅವನ ಕಂಬಳಿಯ ಚುಂಗು ಹಿಡಿದು ಹಿಂದೆ.

ಗೌಜುಗದ ಸಾರಿಗೆ ಮಸಾಲೆ ಅರೆದಿಟ್ಟು ಕಾಯುತ್ತಿದ್ದ ಸುಗರಾಬಿ ಬರಿದಾದ ಚೀಲ ನೋಡಿದಳು.

"ಅಳಿಯಂದ್ರು ಇವತ್ತೂ ಬಾಯಿ ತಗದ್ರೇನು?"

"ಇಲ್ಲ. ಅಂವಾ ಕಲ್ತಾನ," ಎಂದ ಇಸಾಕಸಾಬ, ಕಾಲಿಗೆ ನೀರು ಹಾಕಿಕೊಳ್ಳುತ್ತ. "ನನಗ ಇನ್ನೂ ಸ್ವಲ್ಪ ಉಳದೈತಿ."

ಅವಳು ಗಂಡನನ್ನು ನೋಡಿದಳು. ಅಳಿಯನನ್ನು ನೋಡಿದಳು. ಅಳಿಯನ ಕೈಯ ಪಂಜರವನ್ನೂ ನೋಡಿದಳು.

"ಸಂಜೀಕ ಭರಮಣ್ಣ ಬರ್ತಾನ. ಏನಂತ ಹೇಳ್ಲಿ?"

"ಬಸ್ ತುಂಬೈತಿ ಅಂತ ಹೇಳು."

ಸುಗರಾಬಿ ಒಳಗೆ ಹೋಗಿ, ಅರೆದ ಮಸಾಲೆಗೆಂದು ಬದನೆಕಾಯಿ ಹೆಚ್ಚಲು ಕೂತಳು.