ಚಹಾದಲ್ಲಿ ಕರಗಿದ ಮಾತ್ರೆ

ಹಾಸಿಗೆ ಹೊಲಿಯುವವನ ಹೆಂಡತಿ ಮೂರು ದಿನದಿಂದ ಗಂಡನ ಚಹಾದಲ್ಲಿ ಮಾತ್ರೆ ಪುಡಿಮಾಡಿ ಹಾಕುತ್ತಿದ್ದಳು. ಗಾಬರಿಯಾಗಬೇಡಿ, ವಿಷವಲ್ಲ. ಹೋದ ಸಲ ಉಸಿರು ಕಟ್ಟಿದಾಗ ಆಸ್ಪತ್ರೆಯವರು ಕೊಟ್ಟು ಉಳಿದಿದ್ದ ಸ್ಟೆರಾಯ್ಡ್. ಮೂವತ್ತು ವರ್ಷ ಹತ್ತಿಯ ಧೂಳು ಕುಡಿದ ಎದೆ ಅವನದು. ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವ ನಾಟಕವಾಡುತ್ತಿದ್ದ. ಅವಳೂ ಕಂಡೂ ಕಾಣದಂತಿರುತ್ತಿದ್ದಳು.

ಹೊಸದೊಂದು ಇಂಜೆಕ್ಷನ್ ಕೊಡಬಹುದೇ ಎಂದು ನೋಡಲು ಡಾಕ್ಟರಮ್ಮ ರಕ್ತಪರೀಕ್ಷೆಗೆ ಕರೆದಿದ್ದರು. ಪರೀಕ್ಷೆ ಎಂದಮೇಲೆ ಪಾಸಾಗಬೇಡವೇ? ಏದುಸಿರು ಬಿಡುತ್ತಾ ಹೋದರೆ ಕೈಬಿಟ್ಟುಬಿಡುತ್ತಾರೆ ಎಂಬ ಹೆದರಿಕೆ ಅವಳಿಗೆ. ಮಾತ್ರೆ ಎಂದರೆ ಗಂಡ ಮುಖ ಸಿಂಡರಿಸುವವನು. ಅದಕ್ಕೇ ಈ ಕಳ್ಳಾಟ.

ರಕ್ತದ ವರದಿ ಬಂದ ದಿನ ಡಾಕ್ಟರಮ್ಮ ಕಾಗದ ನೋಡಿ ನಿಟ್ಟುಸಿರಿಟ್ಟರು.

"ನಿಮ್ಮ ಶ್ವಾಸಕೋಶ ಸುಮ್ಮಸುಮ್ಮನೆ 'ಬನ್ನಿ, ಬನ್ನಿ' ಅಂತ ಸಂದೇಶ ಕಳಿಸ್ತಿದೆ ಅಂದ್ಕೊಂಡಿದ್ದೆ. ಸೈಟೊಕೈನ್ ಅಂತಾರೆ ಆ ಸಂದೇಶಕ್ಕೆ. ಅದನ್ನ ಕೇಳಿ ಒಂದು ಜಾತಿ ಬಿಳಿ ರಕ್ತಕಣ ಓಡಿಬಂದು ಒಳಗೆಲ್ಲ ಊದಿಸಿಬಿಡುತ್ತೆ. ಈ ಇಂಜೆಕ್ಷನ್ ಆ ಸಂದೇಶವನ್ನೇ ತಡೆಯೋದು. ಆದ್ರೆ ನಿಮ್ಮಲ್ಲಿ ಆ ಕಣಗಳು ಬಹಳ ಕಮ್ಮಿ. ನಿಮಗೆ ಇದು ಉಪಯೋಗಕ್ಕೆ ಬರಲ್ಲ."

"ಕಮ್ಮಿನಾ? ನೋಡಿದ್ಯೇನೇ!" ಎಂದು ಗಂಡ ಬೀಗಿದ.

ಅವಳು ಕುರ್ಚಿಯ ಅಂಚಿಗೆ ಸರಿದಳು.

"ಮೇಡಂ, ಸ್ಟೆರಾಯ್ಡ್ ಮಾತ್ರೆ ತಗೊಂಡ್ರೆ ಆ ಕಣ ಕಮ್ಮಿಯಾಗುತ್ತಾ?"

"ಆಗುತ್ತೆ. ಯಾಕೆ?"

ನಾಚಿಕೆಯಿಂದ ತಲೆ ತಗ್ಗಿಸಿ, ಅವಳು ಚಹಾದ ಕಥೆಯೆಲ್ಲ ಹೇಳಿಬಿಟ್ಟಳು. ಗಂಡ ರೇಗುತ್ತಾನೆ ಎಂದುಕೊಂಡಿದ್ದಳು. ಅವನು ಮಾತ್ರ ಕಿಟಕಿಯ ಕಡೆ ನೋಡುತ್ತಾ ಕಿವಿ ಕೆರೆದುಕೊಂಡ.

"ನಾನೂ ದಿನಾ ಅದೇ ಮಾತ್ರೆ ಒಂದು ನುಂಗ್ತಿದ್ದೆ ಕಣೇ. ನಿನ್ನ ಮುಂದೆ ಏದುಸಿರು ಬಿಡೋಕೆ ಮನಸ್ಸು ಬರಲಿಲ್ಲ."

ಡಾಕ್ಟರಮ್ಮ ಬೈಯಲೂ ಇಲ್ಲ, ನಗಲೂ ಇಲ್ಲ. ನಾಲ್ಕು ವಾರ ಆ ಮಾತ್ರೆ ಮುಟ್ಟದೆ ಮತ್ತೆ ಪರೀಕ್ಷೆಗೆ ಬನ್ನಿ ಎಂದರು. ಇನ್‌ಹೇಲರ್ ಬಿಡಬೇಡಿ, ಉಸಿರು ಕಟ್ಟಿದರೆ ಆ ಕ್ಷಣವೇ ಬನ್ನಿ, ನನ್ನ ಹತ್ತಿರ ಮುಚ್ಚಿಡಬೇಡಿ ಎಂದೂ ಹೇಳಿದರು.

ಹತ್ತು ದಿನ ಕಳೆದಿತ್ತು. ಸಂಜೆ ಅವಳ ಜೊತೆ ಮನೆಯ ಮೆಟ್ಟಿಲು ಹತ್ತುತ್ತಿದ್ದವನು ನಡುವೆ ನಿಂತ. ಚಪ್ಪಲಿಯತ್ತ ಬಗ್ಗಲಿಲ್ಲ. ಗೋಡೆ ಹಿಡಿದು, "ತಾಳೇ, ಆಗ್ತಿಲ್ಲ," ಎಂದ.

ಅವಳು ಚೀಲ ಕೆಳಗಿಟ್ಟು ಅದೇ ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಳು.